ಮೊದಲು ವೈಸು, ಆಮೇಲೆ ಮಿಷನ್ನು

ಬೆಂಗಳೂರಾಗಲಿ ಹುಬ್ಬಳ್ಳಿಯಾಗಲಿ, 30-40ರ ಸೈಟಿನಲ್ಲಿ ಮನೆ ಕಟ್ಟಿಸಿಕೊಂಡವರಲ್ಲಿ ಕೆಲವರು ಕಾರಿಗೆಂದು ಬಿಟ್ಟ ಜಾಗದ ಒಂದು ಗೋಡೆಯನ್ನು ಸ್ವಂತದ್ದೊಂದು ಪುಟ್ಟ ವರ್ಕ್‌ಶಾಪಿಗೆಂದು ಎತ್ತಿಡುತ್ತಾರೆ. ಒಳ್ಳೆಯ ಆಸೆಯೇ. ಆದರೆ ಅಲ್ಲಿಗೆ ಸಾಮಾನು ಬಂದು ಸೇರುವ ಕ್ರಮ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. ಮೊದಲು ಬ್ಯಾಟರಿ ಡ್ರಿಲ್ಲು, ಅದರ ಜೊತೆಗೆ ನೂರೆಂಟು ಬಿಟ್‌ಗಳಿರುವ ಪ್ಲಾಸ್ಟಿಕ್ ಡಬ್ಬಿ. ಆಮೇಲೆ ನಾಲ್ಕಿಂಚಿನ ಗ್ರೈಂಡರು. ಹಬ್ಬದ ರಿಯಾಯಿತಿಯಲ್ಲಿ ಒಂದು ಮರ ಕೊಯ್ಯುವ ಕಟರು. ಗೋಡೆಗೆ ತೂತಿನ ಹಲಗೆ, ಅದರ ಮೇಲೆ ಉದ್ದದ ಕ್ರಮದಲ್ಲಿ ಜೋಡಿಸಿದ ಸ್ಪ್ಯಾನರುಗಳು. ಫೋಟೋ ತೆಗೆಯುವುದಕ್ಕೆ ಏನೂ ಕೊರತೆಯಿಲ್ಲ. ಒಂದು ಭಾನುವಾರ ಗೇಟಿನ ಕಬ್ಬಿಣದ ಪಟ್ಟಿಗೆ ಒಂದು ತೂತು ಹಾಕಬೇಕಾಗುತ್ತದೆ. ಆಗ ಗೊತ್ತಾಗುತ್ತದೆ, ಪಟ್ಟಿಯನ್ನು ಹಿಡಿದುಕೊಳ್ಳುವುದಕ್ಕೇ ಏನೂ ಇಲ್ಲ ಎಂದು. ಯಜಮಾನರು ಪಟ್ಟಿಯನ್ನು ನೆಲಕ್ಕಿಟ್ಟು, ಹವಾಯಿ ಚಪ್ಪಲಿಯ ಕಾಲಿನಿಂದ ಅದುಮಿ ಹಿಡಿದು, ಡ್ರಿಲ್ಲಿನ ಗುಂಡಿ ಒತ್ತುತ್ತಾರೆ. ತೂತು ಇನ್ನೇನು ಆಚೆ ಬೀಳಬೇಕು ಎನ್ನುವ ಹೊತ್ತಿಗೆ ಬಿಟ್ಟು ಕಚ್ಚಿಕೊಂಡು ಪಟ್ಟಿ ಗಿರ್ರನೆ ತಿರುಗುತ್ತದೆ. ಅದರ ಅಂಚು ಎಲ್ಲಿಗೆ ಬಡಿಯುತ್ತದೆ ಎಂಬುದು ಅವರವರ ಅದೃಷ್ಟ.

ಮನೆಯ ವರ್ಕ್‌ಶಾಪನ್ನು ಯಾವ ಕ್ರಮದಲ್ಲಿ ಕಟ್ಟಬೇಕು ಎಂಬುದನ್ನು ನಾವು ಮಾರುವವರಿಂದ ಕಲಿಯುತ್ತಿದ್ದೇವೆ. ಕಲಿಯಬೇಕಾದದ್ದು ಊರಿನ ಐಟಿಐನ ಫಿಟ್ಟರ್ ವಿಭಾಗದಿಂದ. ನನ್ನ ವಾದ ಇಷ್ಟೇ. ಆದರೆ ಇದನ್ನು ಒಪ್ಪಿಕೊಂಡರೆ ಜಾಗ, ದುಡ್ಡು, ಕರೆಂಟು, ಅಕ್ಕಪಕ್ಕದವರು ಎಲ್ಲದರ ಬಗ್ಗೆಯೂ ನಮ್ಮ ಲೆಕ್ಕ ಬದಲಾಗುತ್ತದೆ.

ಭಾರತದಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಶುರುವಾದದ್ದು 1950ರಲ್ಲಿ. ಫಿಟ್ಟರ್ ಟ್ರೇಡು ಅದರ ಹಳೆಯ ಬೆನ್ನೆಲುಬು, ಎರಡು ವರ್ಷದ ಓದು. ಹತ್ತನೇ ತರಗತಿ ಮುಗಿಸಿ ಬಂದ ಹುಡುಗ ಮೊದಲ ದಿನವೇ ಮಿಷನ್ನು ಮುಟ್ಟುತ್ತೇನೆಂದು ಕನಸು ಕಂಡಿರುತ್ತಾನೆ. ಅವನ ಕೈಗೆ ಸಿಗುವುದು ಒಂದು ಅರ, ಒಂದು ಮೈಲ್ಡ್ ಸ್ಟೀಲ್ ತುಂಡು, ಆ ತುಂಡನ್ನು ಕಚ್ಚಿ ಹಿಡಿಯುವ ಒಂದು ವೈಸು. ಆ ತುಂಡಿನ ಒಂದು ಮುಖವನ್ನು ಸಮತಟ್ಟು ಮಾಡು, ಅದಕ್ಕೆ ಲಂಬವಾಗಿ ಪಕ್ಕದ ಮುಖ ಮಾಡು ಎನ್ನುತ್ತಾರೆ ಇನ್‌ಸ್ಟ್ರಕ್ಟರು. ಉಜ್ಜುತ್ತಾನೆ. ಟ್ರೈ ಸ್ಕ್ವೇರನ್ನು ತುಂಡಿಗೆ ಆನಿಸಿ ಕಿಟಕಿಯ ಕಡೆ ಎತ್ತಿ ಹಿಡಿದರೆ ನಡುವೆ ಬೆಳಕಿನ ಗೆರೆ ಕಾಣುತ್ತದೆ. ಅಂದರೆ ಎರಡೂ ಅಂಚು ತಗ್ಗಿ ಮಧ್ಯ ಉಬ್ಬಿದೆ, ಇಲ್ಲವೇ ಒಂದು ಕಡೆ ಇಳಿದಿದೆ. ಮತ್ತೆ ಉಜ್ಜುತ್ತಾನೆ. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದು ಮತ್ತೆ ಚರ್ಮ ಗಟ್ಟಿಯಾಗುವವರೆಗೂ ಇದೇ. ಆಮೇಲೆ ಹ್ಯಾಕ್ಸಾ, ಗೆರೆ ಎಳೆಯುವುದು, ಪಂಚ್ ಹೊಡೆಯುವುದು, ಡ್ರಿಲ್ಲಿಂಗು, ಟ್ಯಾಪಿಂಗು. ಲೇತಿನ ಹತ್ತಿರ ಹೋಗುವುದು ಇಷ್ಟೆಲ್ಲ ಆದ ಮೇಲೆ.

ಇದು ಹಳೇ ಕಾಲದ ಹಟ, ಮಕ್ಕಳನ್ನು ಗೋಳು ಹೊಯ್ದುಕೊಳ್ಳುವ ಪದ್ಧತಿ ಎಂದು ಬಿಇ ಓದಿದವರು ನಗುವುದನ್ನು ಕೇಳಿದ್ದೇನೆ. ಹಾಗಲ್ಲ. ಅರ ಉಜ್ಜುವವನಿಗೆ ಮೂರು ಸಂಗತಿ ಮೈಗೆ ಹತ್ತುತ್ತವೆ: ಕೆಲಸದ ತುಂಡನ್ನು ಅಲುಗದಂತೆ ಹಿಡಿಯುವುದು, ನೇರ ಯಾವುದು ಸೊಟ್ಟ ಯಾವುದು ಎಂದು ಅಳೆದು ತಿಳಿಯುವುದು, ಲೋಹ ಎಷ್ಟು ಬಲಕ್ಕೆ ಎಷ್ಟು ಬಗ್ಗುತ್ತದೆ ಎಂದು ಕೈಯಿಂದ ಕಲಿಯುವುದು. ಯಾವ ಮಿಷನ್ನೂ ಈ ಮೂರನ್ನು ಕಲಿಸುವುದಿಲ್ಲ. ಮಿಷನ್ನಿಗೆ ಇವು ಗೊತ್ತಿರುವ ಮನುಷ್ಯ ಬೇಕು, ಅಷ್ಟೆ. ಸೊಟ್ಟ ಹಿಡಿದ ತುಂಡನ್ನು ಕೈಗರಗಸ ನಿಧಾನಕ್ಕೆ ಸೊಟ್ಟ ಕೊಯ್ಯುತ್ತದೆ, ಮಧ್ಯದಲ್ಲಿ ನೋಡಿ ತಿದ್ದಿಕೊಳ್ಳಬಹುದು. ಪವರ್ ಕಟರು ಅದನ್ನೇ ಎರಡು ಸೆಕೆಂಡಿನಲ್ಲಿ ಮುಗಿಸಿ ಕೈಗಿಡುತ್ತದೆ.

ಇದಕ್ಕೆ ನಮ್ಮ ನೆಲದಿಂದಲೇ ಏಳುವ ಒಂದು ಗಟ್ಟಿ ಆಕ್ಷೇಪಣೆಯಿದೆ. ನಮ್ಮ ಬಡಗಿಗಳಿಗೆ ಬೆಂಚು ಎಲ್ಲಿತ್ತು, ವೈಸು ಎಲ್ಲಿತ್ತು? ನೆಲದ ಮೇಲೆ ಕೂತು, ಹಲಗೆಯನ್ನು ಕಾಲ್ಬೆರಳಲ್ಲಿ ಹಿಡಿದು, ಉಳಿ, ಬಾಚಿ, ಬೈರಿಗೆಗಳಲ್ಲಿ ಬಾಗಿಲ ಚೌಕಟ್ಟು ಮಾಡಿದವರೇ ತೇರನ್ನೂ ಮಾಡಿದರು. ನಿಜ. ಆ ಬಡಗಿಯ ಕಾಲು ಸಾಮಾನ್ಯ ಕಾಲಲ್ಲ, ಬಾಲ್ಯದಿಂದ ಪಳಗಿದ ಇಕ್ಕಳ ಅದು. ಅವನ ಉಪಕರಣಗಳ ವೇಗವೂ ಅವನ ತೋಳಿನ ವೇಗವೇ. ಉಳಿ ಜಾರಿದರೆ ತೋಳು ತಡೆಯುತ್ತದೆ. ನೂರು ಮಿಲಿಮೀಟರಿನ ಗ್ರೈಂಡರ್ ಡಿಸ್ಕು ನಿಮಿಷಕ್ಕೆ ಸುಮಾರು 11,000 ಸುತ್ತು ಹಾಕುತ್ತದೆ. ಲೆಕ್ಕ ಹಾಕಿ ನೋಡಿ, ಅದರ ಅಂಚು ಓಡುತ್ತಿರುವುದು ಸೆಕೆಂಡಿಗೆ 57 ಮೀಟರಿನಂತೆ, ಅಂದರೆ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು. ಇದರ ಎದುರು ಕಾಲ್ಬೆರಳು ಇಡುವುದು ಪರಂಪರೆಯಲ್ಲ. ಪರಂಪರೆಯಲ್ಲಿ ಉಪಕರಣಕ್ಕೂ ಹಿಡಿತಕ್ಕೂ ಒಂದು ಹೊಂದಾಣಿಕೆ ಇತ್ತು. ನಾವು ಉಪಕರಣ ಬದಲಾಯಿಸಿ ಹಿಡಿತವನ್ನು ಹಾಗೇ ಬಿಟ್ಟಿದ್ದೇವೆ. ಇಂದು ಇಂಟೀರಿಯರ್ ಕೆಲಸಕ್ಕೆ ಬರುವ ಹುಡುಗರು ಮಾರ್ಬಲ್ ಕಟರನ್ನು ಪ್ಲೈವುಡ್ ಹಲಗೆಯ ಕೆಳಗೆ ತಲೆಕೆಳಗಾಗಿ ಬಿಗಿದು, ಅದರ ಬ್ಲೇಡು ಮೇಲೆ ಇಣುಕುವಂತೆ ಮಾಡಿ ಟೇಬಲ್ ಸಾ ಮಾಡಿಕೊಳ್ಳುತ್ತಾರೆ. ಅವರ ಜಾಣ್ಮೆಗೆ ಮೆಚ್ಚಬೇಕು, ಬೆರಳುಗಳಿಗೆ ಹೆದರಬೇಕು. ಅವರಿಗೆ ಹೊಟ್ಟೆಪಾಡಿನ ಒತ್ತಡವಿದೆ, ಬೇರೆ ದಾರಿ ಕಡಿಮೆ. ಸಂಬಳ ಬೇರೆ ಕಡೆಯಿಂದ ಬರುವ ಹವ್ಯಾಸಿಗೆ ಆ ನೆಪವೂ ಇಲ್ಲ.

ಹಾಗಾಗಿ ಮೊದಲ ಖರ್ಚು ಬೆಂಚು ಮತ್ತು ವೈಸಿಗೆ. ಬೆಂಚೆಂದರೆ ಅಮೆರಿಕದ ಬೀಚ್ ಮರದ ಬೆಂಚಲ್ಲ. ಗುಜರಿಯಲ್ಲಿ ಸಿಗುವ ಹಳೇ ಬಾಗಿಲಿನ ಚೌಕಟ್ಟಿನ ಮರ, ಇಲ್ಲವೇ ಐವತ್ತು ಎಂಎಂ ಆಂಗ್ಲಿನಲ್ಲಿ ವೆಲ್ಡ್ ಮಾಡಿಸಿದ ಕಾಲುಗಳು, ಮೇಲೆ ಎರಡು ಪದರ ಹದಿನೆಂಟು ಎಂಎಂ ಪ್ಲೈವುಡ್. ಅದನ್ನು ಗೋಡೆಗೆ ಆಂಕರ್ ಬೋಲ್ಟಿನಿಂದ ಬಿಗಿಯಬೇಕು, ಇಲ್ಲದಿದ್ದರೆ ಅರ ತಳ್ಳಿದಾಗ ಬೆಂಚೇ ಕಾರಿನ ಕಡೆಗೆ ಹೊರಡುತ್ತದೆ. ವೈಸು ನಾಲ್ಕು ಇಲ್ಲವೇ ಐದು ಇಂಚಿನ ದವಡೆಯದು, ಬೀಡು ಕಬ್ಬಿಣದ್ದು. ಹೊಸದಾದರೂ ಅದರ ಬೆಲೆ ಒಂದು ಒಳ್ಳೆಯ ಬ್ಯಾಟರಿ ಡ್ರಿಲ್ಲಿಗಿಂತ ಕಡಿಮೆಯೇ. ಬೆಂಗಳೂರಿನಲ್ಲಿದ್ದರೆ ಎಸ್‌ಜೆಪಿ ರಸ್ತೆಯ ಅಂಗಡಿಗಳಲ್ಲಿ ಕೈಯಲ್ಲಿ ತಿರುಗಿಸಿ ನೋಡಿ ಕೊಳ್ಳಬಹುದು. ಹಿಡಿ ತಿರುಗಿಸಿದಾಗ ಸ್ಕ್ರೂ ಎಷ್ಟು ಸಡಿಲ ಆಡುತ್ತದೆ, ಓಡುವ ದವಡೆಯನ್ನು ಮೇಲೆ ಕೆಳಗೆ ಅಲುಗಿಸಿದರೆ ಎಷ್ಟು ಅಲುಗುತ್ತದೆ ಎಂದು ನೋಡಿದರೆ ಸಾಕು. ಬಣ್ಣ ನೋಡಬೇಡಿ.

ಕೂರಿಸುವುದರಲ್ಲಿ ಎರಡು ಗುಟ್ಟುಗಳಿವೆ. ಫಿಟ್ಟರುಗಳಿಗೆ ಇವು ಗುಟ್ಟೇ ಅಲ್ಲ, ಹವ್ಯಾಸಿಗಳಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಒಂದು, ಎತ್ತರ. ವೈಸಿನ ಮುಂದೆ ನೆಟ್ಟಗೆ ನಿಂತು ಮುಷ್ಟಿಯನ್ನು ಗಲ್ಲಕ್ಕೆ ಆನಿಸಿಕೊಂಡರೆ ಮೊಣಕೈ ದವಡೆಯ ಮೇಲಂಚನ್ನು ಸವರಬೇಕು. ಅದಕ್ಕಿಂತ ತಗ್ಗಿದ್ದರೆ ಬೆನ್ನು ಬಾಗುತ್ತದೆ, ಅರ ತೂಗಾಡಿ ಮುಖ ಉಬ್ಬುತ್ತದೆ. ಐದೂವರೆ ಅಡಿ ಎತ್ತರದವರಿಗೆ ಬೆಂಚಿನ ಮೇಲ್ಮೈ ಸುಮಾರು 34-35 ಇಂಚಿಗೆ ಬರುತ್ತದೆ. ಎರಡು, ಚಾಚು. ವೈಸಿನ ಸ್ಥಿರ ದವಡೆ ಬೆಂಚಿನ ಅಂಚಿನಿಂದ ಕೂದಲೆಳೆಯಷ್ಟಾದರೂ ಹೊರಗಿರಬೇಕು. ಆಗ ಮಾತ್ರ ಉದ್ದನೆಯ ಪೈಪನ್ನೋ ಪಟ್ಟಿಯನ್ನೋ ನೆಟ್ಟಗೆ ನಿಲ್ಲಿಸಿ ಕಚ್ಚಿಸಲು ಸಾಧ್ಯ. ಬೆಂಚಿನ ಒಳಕ್ಕೆ ಸರಿಸಿ ಚಂದಕ್ಕೆ ಕೂರಿಸಿದ ವೈಸು ತನ್ನ ಅರ್ಧ ಕೆಲಸ ಕಳೆದುಕೊಳ್ಳುತ್ತದೆ.

ಈಗ ಆ ಗೇಟಿನ ಪಟ್ಟಿಗೆ ಮರಳೋಣ, ಯಾಕೆಂದರೆ ಇಡೀ ವಾದ ಅದರೊಳಗೇ ಇದೆ. ಎಂಟು ಎಂಎಂ ದಪ್ಪದ ಪಟ್ಟಿ. ಅದರಲ್ಲಿ ಎಂ8 ಬೋಲ್ಟು ನೇರವಾಗಿ ಕೂರುವಂತೆ ಥ್ರೆಡ್ ಮಾಡಬೇಕು. ಪಟ್ಟಿ ವೈಸಿನಲ್ಲಿದೆ. ಸೀಮೆಸುಣ್ಣ ಬಳಿದು, ಗೀರುಮೊಳೆಯಿಂದ ಎರಡು ಗೆರೆ ಅಡ್ಡಡ್ಡ ಎಳೆದು, ಸೇರುವ ಕಡೆ ಸೆಂಟರ್ ಪಂಚಿನಿಂದ ಒಂದೇ ಏಟು. ಆ ಗುಳಿ ಇಲ್ಲದಿದ್ದರೆ ಬಿಟ್ಟು ಜಾರಿ ತನಗೆ ಬೇಕಾದ ಕಡೆ ಹೋಗುತ್ತದೆ. ಎಂ8ರ ಥ್ರೆಡ್ಡಿನ ಅಂತರ 1.25 ಎಂಎಂ, ಆದ್ದರಿಂದ ತೂತು 6.8 ಎಂಎಂ. ಎಂಟರ ಬಿಟ್ಟು ಹಾಕಿದವನಿಗೆ ಥ್ರೆಡ್ಡೇ ಸಿಗುವುದಿಲ್ಲ, ಆರರದು ಹಾಕಿದವನ ಥ್ರೆಡ್ ಕೊರೆಯುವ ಟ್ಯಾಪು ಒಳಗೇ ಮುರಿಯುತ್ತದೆ. ಮುರಿದ ಟ್ಯಾಪು ತೆಗೆಯುವುದು ಇನ್ನೊಂದು ಲೇಖನದ ವಿಷಯ. ಡ್ರಿಲ್ಲಿನ ವೇಗಕ್ಕೂ ಲೆಕ್ಕವಿದೆ. ಹೈಸ್ಪೀಡ್ ಸ್ಟೀಲ್ ಬಿಟ್ಟಿನ ಅಂಚು ಮೈಲ್ಡ್ ಸ್ಟೀಲಿನಲ್ಲಿ ನಿಮಿಷಕ್ಕೆ 25 ಮೀಟರ್ ಓಡಿದರೆ ಸುಖವಾಗಿರುತ್ತದೆ. ಮೂರು ಎಂಎಂ ಬಿಟ್ಟಿಗೆ ಅದು ಸುಮಾರು 2,600 ಸುತ್ತು, ಹತ್ತು ಎಂಎಂ ಬಿಟ್ಟಿಗೆ ಬರೇ 800. ಕೈ ಡ್ರಿಲ್ಲಿನ ಗುಂಡಿಯನ್ನು ಪೂರ್ತಿ ಒತ್ತಿ ಹತ್ತು ಎಂಎಂ ತೂತು ಕೊರೆಯುವವನು ಬಿಟ್ಟನ್ನು ಮೂರು ಪಟ್ಟು ವೇಗದಲ್ಲಿ ಸುಡುತ್ತಿರುತ್ತಾನೆ. ತುದಿ ನೀಲಿಯಾಗಿ, ಬಿಟ್ಟು ಮೊಂಡಾಗಿ, ಆಮೇಲೆ ಆ ನೂರೆಂಟು ಬಿಟ್ಟಿನ ಡಬ್ಬಿಯನ್ನು ಬಯ್ಯುತ್ತಾನೆ. ಡಬ್ಬಿಯ ಮೇಲೂ ತಪ್ಪಿದೆ ಅನ್ನಿ. ಅದರಲ್ಲಿ ತೊಂಬತ್ತು ಬಿಟ್ಟು ಯಾರಿಗೂ ಬೇಡದವು, ಬೇಕಾದ ಹತ್ತು ಕಳಪೆ.

ತೂತಾದ ಮೇಲೆ ಟ್ಯಾಪು. ಮೂರರ ಸೆಟ್ಟಿನಲ್ಲಿ ತುದಿ ಹೆಚ್ಚು ಕಿರಿದಾದ್ದು ಮೊದಲಿಗೆ. ಎರಡು ಹನಿ ಎಣ್ಣೆ. ಹಿಡಿಯನ್ನು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಒಳಗೆ ಕಟಕ್ ಎಂದು ಸಣ್ಣದಾಗಿ ಕೇಳಿಸುವುದು ಲೋಹದ ಸುರುಳಿ ಮುರಿದ ಸದ್ದು. ಅದನ್ನು ಕೇಳದೆ ಮುಂದಕ್ಕೇ ತಿರುಗಿಸುತ್ತಾ ಹೋದರೆ ಸುರುಳಿ ತುಂಬಿಕೊಂಡು ಟ್ಯಾಪು ಬಿಗಿಯುತ್ತದೆ. ಹಿಡಿಯ ಎರಡೂ ಕಡೆ ಸಮನಾಗಿ ಒತ್ತುವ ಬಲವನ್ನು ಅರ ಉಜ್ಜಿದ ಕೈ ತಾನೇ ತಾನಾಗಿ ಕೊಡುತ್ತದೆ, ಉಜ್ಜದ ಕೈ ಒಂದು ಕಡೆಗೆ ವಾಲುತ್ತದೆ. ಈ ಕೆಲಸಕ್ಕೆ ಬೇಕಾದ್ದು ವೈಸು, ಪಂಚು, ಸುತ್ತಿಗೆ, ಒಂದು ಡ್ರಿಲ್ಲು, ಎರಡು ಒಳ್ಳೆಯ ಬಿಟ್ಟು, ಒಂದು ಟ್ಯಾಪ್ ಸೆಟ್ಟು. ಎಲ್ಲವೂ ಒಂದು ಶೆಲ್ಫಿನಲ್ಲಿ ಹಿಡಿಯುತ್ತವೆ. ಮುಂದಿನ ಕೆಲಸ ಬಂದಾಗ ಅದು ಕೇಳುವ ಇನ್ನೊಂದು ಉಪಕರಣ ಬಂದು ಸೇರಲಿ. ಕೆಲಸ ಕರೆದು ತಂದ ಉಪಕರಣ ಬಳಕೆಯಲ್ಲಿ ಉಳಿಯುತ್ತದೆ, ರಿಯಾಯಿತಿ ಕರೆದು ತಂದದ್ದು ಡಬ್ಬಿಯಲ್ಲಿ ಉಳಿಯುತ್ತದೆ.

ಇನ್ನು ದುಡ್ಡಿನ ಮಾತು. ಇದರಲ್ಲಿ ನಾವು ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಳ್ಳುತ್ತೇವೆ. ಮನೆಯವರ ಮುಂದೆ ಪ್ರತಿ ಮಿಷನ್ನನ್ನೂ ಉಳಿತಾಯದ ಹೆಸರಿನಲ್ಲಿ ಸಮರ್ಥಿಸುವುದು ಹವ್ಯಾಸಿಗಳ ಹಳೇ ಚಾಳಿ. ಬಡಗಿಯನ್ನು ಕರೆಸಿದ್ದರೆ ಇಷ್ಟಾಗುತ್ತಿತ್ತು, ನಾನೇ ಮಾಡಿದ್ದರಿಂದ ಉಳಿಯಿತು ಎಂಬ ಲೆಕ್ಕ. ನಿಜವಾಗಿ ಕೂಡಿ ಕಳೆದರೆ ಮನೆಯ ವರ್ಕ್‌ಶಾಪು ದುಡ್ಡು ಉಳಿಸುವುದಿಲ್ಲ. ನಮ್ಮ ಊರುಗಳಲ್ಲಿ ಕೈಕೆಲಸದ ಕೂಲಿ ಅಷ್ಟು ಅಗ್ಗ, ಅದು ಅಗ್ಗವಾಗಿರುವುದಕ್ಕೆ ಇರುವ ಕಾರಣಗಳು ಹೆಮ್ಮೆಪಡುವಂಥವಲ್ಲ. ಅಮೆರಿಕದಲ್ಲಿ, ಯುರೋಪಿನಲ್ಲಿ ಪ್ಲಂಬರನ್ನು ಕರೆಸುವುದು ಹೊರೆ, ಆದ್ದರಿಂದ ಅಲ್ಲಿನ ಗ್ಯಾರೇಜುಗಳಲ್ಲಿ ಉಪಕರಣ ಸೇರಿದವು. ಅಲ್ಲಿಯ ಕಾರಣ ಇಲ್ಲಿ ಹೊಂದುವುದಿಲ್ಲ. ಇಲ್ಲಿಗೆ ಬೇರೆ ಕಾರಣ ಬೇಕು.

ಆ ಕಾರಣ ತೀರ್ಪು ಕೊಡುವ ಶಕ್ತಿ. ಸೀಲಿಂಗ್ ಫ್ಯಾನು ನಿಧಾನವಾದರೆ ಹೆಚ್ಚಿನ ಸಲ ಸೋತಿರುವುದು ಅದರ ಕೆಪಾಸಿಟರು, ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್‌ನದು, ಚಿಲ್ಲರೆ ದುಡ್ಡಿನ ಸಾಮಾನು. ಅದು ಗೊತ್ತಿಲ್ಲದ ಮನೆಗೆ ಹೊಸ ಫ್ಯಾನು ಬರುತ್ತದೆ, ಹಳೆಯದು ಗುಜರಿಗೆ ಹೋಗುತ್ತದೆ. ಬಾಗಿಲ ಕೀಲಿನ ಸ್ಕ್ರೂ ಯಾಕೆ ನಿಲ್ಲುತ್ತಿಲ್ಲ, ಪಂಪು ಯಾಕೆ ಗುಂಯ್‌ಗುಡುತ್ತದೆ, ಗೇಟು ಯಾಕೆ ಜೋಲುತ್ತದೆ ಎಂದು ಕಂಡುಹಿಡಿಯಬಲ್ಲವನು ರಿಪೇರಿಯನ್ನು ಪ್ರತಿಸಲ ತಾನೇ ಮಾಡಬೇಕೆಂದಿಲ್ಲ. ಮಾಡುವವನ ಜೊತೆ ಮಾತಾಡಬಲ್ಲ. ದುರಸ್ತಿ ಮಾಡಿಕೊಳ್ಳುವ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿಯನ್ನೇ ರಚಿಸಿತು. ಒಳ್ಳೆಯದು. ಆದರೆ ಬಿಚ್ಚಿ ನೋಡುವ ಅಭ್ಯಾಸವೇ ಇಲ್ಲದ ಮನೆಯಲ್ಲಿ ಆ ಹಕ್ಕು ಕಾಗದದಲ್ಲೇ ಇರುತ್ತದೆ.

ಇಲ್ಲಿ ಒಂದು ಕಹಿ ಮಾತನ್ನೂ ಆಡಬೇಕು. ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ, ಈ ಐದರ ಕೆಲಸವನ್ನು ನಮ್ಮ ಸಮಾಜ ಪಾಂಚಾಳರಿಗೆ ಬಿಟ್ಟು, ಓದಿದವರ ಕೈಯನ್ನು ಶುಭ್ರವಾಗಿಟ್ಟಿತು. ಆಯುಧಪೂಜೆಯ ದಿನ ಸ್ಪ್ಯಾನರಿಗೂ ಅರಿಶಿನ ಕುಂಕುಮ ಬೀಳುತ್ತದೆ, ಉಳಿದ ದಿನ ಸ್ಪ್ಯಾನರು ಹಿಡಿದವನು ಹಿತ್ತಲ ಬಾಗಿಲಿನಿಂದ ಬರುತ್ತಾನೆ. ಈಗ ಅದೇ ಓದಿದ ವರ್ಗಕ್ಕೆ ಕೈಕೆಲಸ ಹವ್ಯಾಸವಾಗಿ ರುಚಿಸಿದೆ. ಕೆಲಸದಿಂದಲೇ ಬದುಕುವ ಬಡಗಿಯ ಚೀಲದಲ್ಲಿ ಇರುವುದಕ್ಕಿಂತ ದುಬಾರಿ ಉಪಕರಣ ವಾರಕ್ಕೊಮ್ಮೆ ಮುಟ್ಟುವವನ ಗೋಡೆಯ ಮೇಲಿದೆ. ಇದನ್ನು ತಪ್ಪು ಎನ್ನಲಾರೆ. ಆದರೆ ಆ ಬಡಗಿಯೋ ನಿವೃತ್ತ ಐಟಿಐ ಇನ್‌ಸ್ಟ್ರಕ್ಟರೋ ಬಂದಾಗ ಕುರ್ಚಿ ಹಾಕಿ, ಅವರ ಸಮಯಕ್ಕೆ ಸರಿಯಾದ ದುಡ್ಡು ಕೊಟ್ಟು, ಕೀಸುಳಿ ಸಾಣೆ ಹಿಡಿಯುವುದನ್ನು ಕಲಿಸಿ ಎಂದು ಕೇಳುವವರು ಎಷ್ಟು ಮಂದಿ? ವಿಡಿಯೋ ನೋಡಿ ಕಲಿಯುವುದು ಸುಲಭ, ಯಾಕೆಂದರೆ ವಿಡಿಯೋದವನಿಗೆ ತಲೆ ಬಾಗಬೇಕಿಲ್ಲ. ಒಂದು ಮಧ್ಯಾಹ್ನ ಎದುರು ನಿಂತು ನಿಮ್ಮ ಮೊಣಕೈ ಹಿಡಿದು ತಿದ್ದುವ ಮನುಷ್ಯನಿಂದ ಕಲಿಯುವಷ್ಟನ್ನು ಅದರಿಂದ ಕಲಿಯಲಾಗದು.

ಮನೆಯೊಳಗೂ ಇದೇ ಮೇಲುಕೀಳು ಇನ್ನೊಂದು ರೂಪದಲ್ಲಿದೆ. ಅಪ್ಪ ಕೆಲಸ ಮಾಡುವಾಗ ಮಕ್ಕಳ ಪಾಲಿಗೆ ಬರುವುದು ಟಾರ್ಚು ಹಿಡಿಯುವುದು, ಅದನ್ನು ಸರಿಯಾಗಿ ಹಿಡಿದಿಲ್ಲವೆಂದು ಬೈಸಿಕೊಳ್ಳುವುದು. ಹೆಂಡತಿಗೆ ಬಿಟ್ಟದ್ದು ಕಸ ಗುಡಿಸುವುದು. ಶೆಡ್ಡು ಗಂಡಸಿನ ಅಡಗುತಾಣವಾದರೆ ಅದರಿಂದ ಮನೆಗೆ ಬರುವ ಲಾಭ ಅಷ್ಟರಲ್ಲೇ ಇದೆ. ಕೈಯಲ್ಲಿ ಅರ ಹಿಡಿಸಿದರೆ ಹತ್ತು ವರ್ಷದ ಮಗುವಿಗೂ ಅಪಾಯವಿಲ್ಲ. ಗ್ರೈಂಡರಿನಿಂದ ಶುರುವಾದ ವರ್ಕ್‌ಶಾಪಿನಲ್ಲಿ ಮಾತ್ರ ಮಕ್ಕಳಿಗೆ ಮಾಡಲು ಏನೂ ಇರುವುದಿಲ್ಲ, ದೂರ ನಿಲ್ಲು ಎಂದಷ್ಟೇ ಹೇಳಬೇಕಾಗುತ್ತದೆ. ಐಟಿಐ ಕ್ರಮದ ಪರವಾಗಿ ಇದೂ ಒಂದು ಮಾತು.

ಜಾಗದ ವಿಷಯಕ್ಕೆ ಬಂದರೆ, ಕಾರಿನ ಜೊತೆಗೇ ಸಂಸಾರ ಮಾಡಬೇಕು. ಕಾರು ನಿಲ್ಲಿಸುವ ಜಾಗದ ಅಗಲ ಸಾಮಾನ್ಯವಾಗಿ ಎರಡೂವರೆ ಮೀಟರು. ಸಣ್ಣ ಕಾರೊಂದಕ್ಕೆ 1.7 ಮೀಟರು ಹೋದರೆ ಉಳಿಯುವುದು 80 ಸೆಂಟಿಮೀಟರು, ಅದರಲ್ಲಿ ಬಾಗಿಲು ತೆರೆಯಬೇಕು. ಆದ್ದರಿಂದ ಬೆಂಚಿನ ಅಗಲ 45 ಸೆಂಟಿಮೀಟರು ದಾಟಬಾರದು, ಇಲ್ಲವೇ ಕೆಲಸದ ದಿನ ಕಾರು ಹೊರಗೆ ನಿಲ್ಲಬೇಕು. ಕಾರನ್ನು ಕಾಯಂ ಆಗಿ ರಸ್ತೆಗೆ ತಳ್ಳಿ ಪಾರ್ಕಿಂಗ್ ಜಾಗವನ್ನು ವರ್ಕ್‌ಶಾಪು ಮಾಡುವುದನ್ನು ನಾನು ಒಪ್ಪುವುದಿಲ್ಲ. ಪಾರ್ಕಿಂಗ್ ಜಾಗವೆಂದು ನಕ್ಷೆಯಲ್ಲಿ ತೋರಿಸಿ ಅಂಗಡಿ, ಗೋದಾಮು ಮಾಡಿದವರಿಂದಲೇ ಬೆಂಗಳೂರಿನ ಬೀದಿಗಳು ಇವತ್ತಿನ ಸ್ಥಿತಿಗೆ ಬಂದಿರುವುದು. ನಮ್ಮ ಹವ್ಯಾಸಕ್ಕೆಂದು ಅದೇ ಕೆಲಸ ಮಾಡಿ ಅದಕ್ಕೆ ಸೃಜನಶೀಲತೆ ಎಂದು ಹೆಸರಿಟ್ಟರೆ ಬೀದಿ ಅಗಲವಾಗುವುದಿಲ್ಲ. ಕಿರಿದಾದ ಬೆಂಚು, ಮಡಚುವ ಸ್ಟ್ಯಾಂಡು, ಗೋಡೆಗೆ ಶೆಲ್ಫು. ಆ ಮಿತಿಯೇ ದೊಡ್ಡ ಮಿಷನ್ನುಗಳನ್ನು ದೂರವಿಡುತ್ತದೆ, ಒಳ್ಳೆಯದೇ ಆಯಿತು.

ಸದ್ದೂ ಹಾಗೆಯೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಗ್ರೈಂಡರು ಕೈಗೆತ್ತಿಕೊಂಡವನ ಕಿವಿಯ ಬಳಿ ಅದು ತೊಂಬತ್ತು ದಾಟಿರುತ್ತದೆ. ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಭಾನುವಾರ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಅದನ್ನು ಚಾಲೂ ಮಾಡುವವನಿಗೆ ಪಕ್ಕದ ಮನೆಯಜ್ಜಿ ಶಾಪ ಹಾಕಿದರೆ ಅದು ತಗಲುತ್ತದೆ. ಅರ, ಹ್ಯಾಕ್ಸಾ, ಕೀಸುಳಿಗಳ ಸದ್ದು ಕಾಂಪೌಂಡು ದಾಟುವುದಿಲ್ಲ.

ಕರೆಂಟಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಶೆಡ್ಡಿಗೆ ಸಾಮಾನ್ಯವಾಗಿ ಕರೆಂಟು ಬರುವುದು ಗೇಟಿನ ದೀಪದ ತಂತಿಯಿಂದ ಎಳೆದುಕೊಂಡ ಒಂದು ಪ್ಲಗ್ಗಿನ ಮೂಲಕ. ಅದರಲ್ಲಿ ಎರಡು ಎಚ್‌ಪಿ ಮೋಟರು ಹಾಕಿದರೆ, ಮೋಟರು ಶುರುವಾಗುವ ಗಳಿಗೆಯಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ, ತಂತಿ ಬಿಸಿಯಾಗುತ್ತದೆ. ಮೇನ್ ಬೋರ್ಡಿನಿಂದ ಬೇರೆಯೇ ಸರ್ಕ್ಯೂಟು, ಕನಿಷ್ಠ 2.5 ಚದರ ಎಂಎಂ ತಾಮ್ರದ ತಂತಿ, 16 ಆಂಪಿಯರ್ ಸಾಕೆಟ್ಟು, ಮುಖ್ಯವಾಗಿ, ಕರೆಂಟು ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. 16 ಆಂಪಿಯರ್ ಎಂಸಿಬಿ ಕಾಯುವುದು ತಂತಿಯನ್ನು, ನಿಮ್ಮನ್ನಲ್ಲ. ಮನುಷ್ಯನನ್ನು ಕೊಲ್ಲಲು ಅದರ ನೂರನೇ ಒಂದು ಭಾಗದಷ್ಟು ಕರೆಂಟು ಎದೆಯ ಮೂಲಕ ಹರಿದರೂ ಸಾಕು, ಎಂಸಿಬಿಗೆ ಅದು ಗೊತ್ತೂ ಆಗುವುದಿಲ್ಲ. ಆರ್‌ಸಿಸಿಬಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಅದರ ಮೇಲಿರುವ ಟೆಸ್ಟ್ ಗುಂಡಿ ಒತ್ತಿ ಆಗಾಗ ನೋಡಬೇಕು. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗುತ್ತದೆ, ಅದಕ್ಕೆ ನೀರು ಹೊಯ್ಯುವುದನ್ನು ತುಳಸಿಗೆ ನೀರು ಹಾಕುವವರೂ ಮರೆಯುತ್ತಾರೆ.

ಮರದ ಧೂಳಿನ ಬಗ್ಗೆ ನಮ್ಮಲ್ಲಿ ಯಾರೂ ಗಂಭೀರವಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಎಂಡಿಎಫ್ ಕೊಯ್ದರೆ ಧೂಳಿನ ಜೊತೆ ಅಂಟಿನ ಫಾರ್ಮಾಲ್ಡಿಹೈಡೂ ಬರುತ್ತದೆ. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮರಳು ಕಾಗದದ ಮಿಷನ್ನು ಓಡಿಸುವುದು ಸಾಲದು. ಸರಿಯಾದ ಮಾಸ್ಕು, ಧೂಳು ಹೀರುವ ವ್ಯಾಕ್ಯೂಮು, ತೆರೆದ ಗೇಟು ಬೇಕು. ಕೀಸುಳಿ ಉದುರಿಸುವುದು ಸುರುಳಿ ಹೊಟ್ಟನ್ನು, ಅದು ಶ್ವಾಸಕೋಶಕ್ಕೆ ಹೋಗುವುದಿಲ್ಲ. ಒಂದೊಂದೇ ವಿಷಯ ನೋಡುತ್ತಾ ಹೋದರೂ ತಕ್ಕಡಿ ಕೈ ಉಪಕರಣದ ಕಡೆಗೇ ವಾಲುತ್ತಿದೆ.

ಗ್ಯಾರೇಜೆಂದ ಕೂಡಲೇ ಅಮೆರಿಕದ ಪಾಲೋ ಆಲ್ಟೋದ ಕಥೆ ಎತ್ತುವವರಿದ್ದಾರೆ. ಬಿಲ್ ಹ್ಯೂಲೆಟ್ ಮತ್ತು ಡೇವಿಡ್ ಪ್ಯಾಕರ್ಡ್ 1938ರಲ್ಲಿ ಅಡಿಸನ್ ಅವೆನ್ಯೂದ ಬಾಡಿಗೆ ಮನೆಯ ಹಿಂದಿದ್ದ 12 ಅಡಿ, 18 ಅಡಿಯ ಶೆಡ್ಡಿನಲ್ಲಿ ಕೆಲಸ ಶುರು ಮಾಡಿದರು. ಬಂಡವಾಳ 538 ಡಾಲರು. ಪುಟ್ಟ ಶೆಡ್ಡಿನಿಂದ ದೊಡ್ಡ ಕಂಪನಿ ಎಂಬ ಭಾಗವನ್ನು ಎಲ್ಲರೂ ಹೇಳುತ್ತಾರೆ. ಆ ಶೆಡ್ಡಿನಲ್ಲಿ ಇದ್ದ ಹೇಳಿಕೊಳ್ಳುವಂಥ ಮಿಷನ್ನು ಪ್ಯಾಕರ್ಡ್ ಕಾರಿನ ಹಿಂದೆ ಹಾಕಿಕೊಂಡು ತಂದ ಸೆಕೆಂಡ್ ಹ್ಯಾಂಡ್ ಡ್ರಿಲ್ ಪ್ರೆಸ್ಸು ಎಂಬುದನ್ನು ಹೇಳುವುದಿಲ್ಲ. ಇಬ್ಬರೂ ಸ್ಟ್ಯಾನ್‌ಫರ್ಡಿನಲ್ಲಿ ಕಲಿತವರು, ಏನು ಮಾಡಬೇಕೆಂದು ಗೊತ್ತಿದ್ದವರು. ನಮ್ಮದೇ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮ 1888ರಲ್ಲಿ ಸೈಕಲ್ ಅಂಗಡಿಯಾಗಿ ಮೊಳೆತು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳ ದಾರಿಯಲ್ಲಿ ಬೆಳೆಯಿತು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತು ತಯಾರಿಸಲು ಹೊರಟದ್ದು 1941ರಲ್ಲಿ. ಇವರೆಲ್ಲರಿಗೂ ಮೊದಲು ಕೆಲಸ ಇತ್ತು, ಉಪಕರಣ ಆಮೇಲೆ ಬಂತು. ಕಥೆ ಕೇಳಿದವರು ತಲೆಕೆಳಗು ಮಾಡಿಕೊಂಡು, ಶೆಡ್ಡು ತುಂಬಿಸಿದರೆ ಕೆಲಸ ಹುಟ್ಟುತ್ತದೆ ಎಂದು ನಂಬುತ್ತಾರೆ.

ಹಾಗಾದರೆ ಲೇತು ಬೇಡವೇ? ಈಗ ಮೇಜಿನ ಮೇಲೆ ಕೂರುವ ಚೀನಾದ ಪುಟಾಣಿ ಲೇತುಗಳು ಸಿಗುತ್ತವೆ, ಆಸೆ ಹುಟ್ಟಿಸುತ್ತವೆ. ಎಚ್‌ಎಂಟಿ ಹುಟ್ಟಿದ ಊರಿನಲ್ಲಿ ಬೆಳೆದವರಿಗೆ ಲೇತಿನ ಮೋಹ ಸಹಜ. ಸಣ್ಣ ಎಂಜಿನುಗಳ, ಮಾದರಿ ರೈಲುಗಳ ಹುಚ್ಚಿದ್ದವರು ಕೊಳ್ಳಲಿ, ಅವರಿಗೆ ವಾರವಾರವೂ ಅದಕ್ಕೆ ಕೆಲಸವಿದೆ. ಉಳಿದವರಿಗೆ ವರ್ಷಕ್ಕೆ ಎರಡು ಬುಷ್ಷು, ಒಂದು ಶಾಫ್ಟು ಬೇಕಾಗುತ್ತದೆ. ಅದಕ್ಕೆ ಪೀಣ್ಯವಿದೆ, ಬೆಳಗಾವಿಯ ಉದ್ಯಮಬಾಗ್ ಇದೆ, ತಾಲ್ಲೂಕು ಕೇಂದ್ರಗಳಲ್ಲೂ ಬೋರ್‌ವೆಲ್ ಪಂಪಿನ ಶಾಫ್ಟು ತಿರುಗಿಸಿಕೊಡುವ ಲೇತ್ ಶಾಪುಗಳಿವೆ. ಮೂವತ್ತು ವರ್ಷದಿಂದ ಅದೇ ಮಿಷನ್ನಿನ ಮುಂದೆ ನಿಂತಿರುವ ಟರ್ನರ್ ಅರ್ಧ ಗಂಟೆಯಲ್ಲಿ ಮಾಡುವುದನ್ನು ನಾವು ಪುಟಾಣಿ ಲೇತಿನಲ್ಲಿ ಎರಡು ಭಾನುವಾರ ತಿಣುಕಿ ಮಾಡಬೇಕಾಗಿಲ್ಲ. ವೆಲ್ಡಿಂಗೂ ಅಷ್ಟೇ. ಪೆಟ್ರೋಲ್ ಟ್ಯಾಂಕಿರುವ ಕಾರು, ಪಕ್ಕದಲ್ಲಿ ಅಡುಗೆ ಅನಿಲದ ಸಿಲಿಂಡರು, ತಲೆಯ ಮೇಲೆ ಮಲಗುವ ಕೋಣೆ ಇರುವ ಕಡೆ ಕಿಡಿ ಹಾರಿಸುವುದು ಧೈರ್ಯವಲ್ಲ.

ಲೇತ್ ಶಾಪಿಗೆ ಹೋದರೆ ಟರ್ನರ್ ಕೇಳುವ ಮೊದಲ ಪ್ರಶ್ನೆ, "ಬುಷ್ಷು ಎಷ್ಟು ಲೂಸಿರಬೇಕು ಸರ್?" ಗೂಗಲ್ಲಿನಿಂದ ಇಳಿಸಿದ ಚಿತ್ರ ತೋರಿಸಿ "ಕರೆಕ್ಟಾಗಿರಲಿ" ಎನ್ನುವವರಿಗೆ ಅವನು ತನಗೆ ತೋಚಿದ್ದನ್ನು ಮಾಡಿಕೊಡುತ್ತಾನೆ. ಸ್ವತಃ ಅರ ಉಜ್ಜಿ ಒಂದು ಪಿನ್ನನ್ನು ತೂತಿಗೆ ಕೂರಿಸಿದವರು ಹಳೇ ಶಾಫ್ಟನ್ನು ಕ್ಯಾಲಿಪರಿನಿಂದ ಮೂರು ಕಡೆ ಅಳೆದು, ಸವೆದದ್ದೆಷ್ಟು ಎಂದು ಬರೆದುಕೊಂಡು ಹೋಗಿರುತ್ತಾರೆ. ಎಣ್ಣೆಯ ಪದರಕ್ಕೆ ಜಾಗ ಬೇಕು, ಕೈಯಿಂದ ತಳ್ಳಿದರೆ ಹೋಗಬೇಕು, ಸುತ್ತಿಗೆ ಬೇಡ ಎನ್ನುತ್ತಾರೆ. ಟರ್ನರ್ ಒಮ್ಮೆ ಮುಖ ನೋಡಿ, ಪೆನ್ಸಿಲು ಕಿವಿಯಿಂದ ತೆಗೆದು, ಅಳತೆ ಬರೆದುಕೊಂಡು ನಾಳೆ ಸಂಜೆ ಬನ್ನಿ ಎನ್ನುತ್ತಾನೆ. ಆ ಬುಷ್ಷು ಸರಿಯಾಗಿ ಕೂರುತ್ತದೆ, ಯಾಕೆಂದರೆ ಅದರ ಅಳತೆ ನಿರ್ಧಾರವಾದದ್ದು ನಿಮ್ಮ ಬೆಂಚಿನ ಮೇಲೆ.